ಆರು ಗಂಟೆಯ ಬಳಿಯ ಕಿರೀಟ

ವಾಚು ಅಸಲಿ ಎಂದು ತಮ್ಮ, ನಕಲಿ ಎಂದು ಅಣ್ಣ. ಸಾಕ್ಷಿಗೆಂದು ಇಬ್ಬರೂ ತೋರಿಸಿದ್ದು ಒಂದೇ ಗಾಜನ್ನು. ತಮ್ಮ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು, ಆರು ಗಂಟೆಯ ಗೆರೆಯ ನೇರಕ್ಕೆ ಗಾಜಿನಲ್ಲಿದ್ದ, ಎಳ್ಳಿಗಿಂತ ಚಿಕ್ಕದಾದ ಕಿರೀಟವನ್ನು ತೋರಿಸಿದರು. ಅಣ್ಣ ಅದೇ ಟಾರ್ಚನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ ಗಾಜಿನ ತುಂಬ ಹರಡಿದ್ದ ಕೂದಲೆಳೆಯಂಥ ಗೀರುಗಳನ್ನು ತೋರಿಸಿದರು. "ನೀಲಮಣಿಯ ಗಾಜಂತೆ. ವಜ್ರ ಬಿಟ್ಟರೆ ಬೇರೆ ಯಾವುದರಿಂದಲೂ ಇದಕ್ಕೆ ಗೀರು ಬೀಳುವುದಿಲ್ಲವಂತೆ. ನಮ್ಮ ಗೋಡೆ ಗಡಿಯಾರದ ಗಾಜು ಇದಕ್ಕಿಂತ ವಾಸಿ."

ಕಾಸರಗೋಡು ಪೇಟೆಯಲ್ಲಿ ವಾಚು ರಿಪೇರಿ ಮಾಡುವವನಿಗೆ ಇಂಥ ಜಗಳ ಹೊಸತಲ್ಲ. ಇಲ್ಲಿ ಪ್ರತಿ ಎರಡನೆಯ ಮನೆಯಲ್ಲಿ ಗಲ್ಫಿಗೆ ಹೋಗಿ ಬಂದವರಿದ್ದಾರೆ. ಅವರು ತಂದ ರಾಡೋ, ಸೀಕೋ, ಸಿಟಿಜನ್‌ಗಳು ಕಪಾಟಿನ ಒಳಖಾನೆಯಲ್ಲಿ ಚಿನ್ನದ ಪಕ್ಕದಲ್ಲೇ ಇರುತ್ತವೆ. ಆದರೆ ಈ ಸಲ ಮೇಜಿನ ಮೇಲೆ ಬಂದದ್ದು ರೋಲೆಕ್ಸ್ ಡೇಟ್‌ಜಸ್ಟ್. ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆ. ತಂದೆ ದುಬೈಯಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದವರು. 1991ರಲ್ಲಿ ಅಲ್ಲಿ ಕೊಂಡದ್ದೆಂದು ಮನೆಯವರ ನೆನಪು. ರಸೀದಿಯನ್ನೂ ಪೆಟ್ಟಿಗೆಯನ್ನೂ ಗೆದ್ದಲು ತಿಂದಿತ್ತು. ತಂದೆ ತೀರಿಕೊಂಡು ವರ್ಷಾಂತಿಕವೂ ಕಳೆದ ಮೇಲೆ ಪಾಲಿನ ಮಾತು ಬಂದಾಗ ವಾಚು ಯಾರಿಗೆ, ಎಷ್ಟೆಂದು ಹಿಡಿಯುವುದು ಎಂಬ ಪ್ರಶ್ನೆ ಎದ್ದಿತು.

ಇಲ್ಲೊಂದು ವಿಚಿತ್ರವಿತ್ತು. ವಾಚು ಬೇಕೆಂದವರು ಬೆಂಗಳೂರಿನಲ್ಲಿರುವ ತಮ್ಮ. ಅದು ಅಸಲಿ ಎಂದಾದರೆ ಅದರ ಬೆಲೆ ಅವರ ಪಾಲಿನಲ್ಲೇ ಕಡಿತವಾಗುತ್ತದೆ, ನಕಲಿಯಾದರೆ ಪುಕ್ಕಟೆ. ಅಂದರೆ ಲೆಕ್ಕದ ಪ್ರಕಾರ ಇಬ್ಬರೂ ತಿರುಗುಮುರುಗಾಗಿ ವಾದಿಸಬೇಕಿತ್ತು. ಹಾಗಾಗಲಿಲ್ಲ. ತಮ್ಮನಿಗೆ ಇದು ಅಪ್ಪ ಹನ್ನೆರಡು ವರ್ಷದ ದುಡಿಮೆಯಲ್ಲಿ ತನಗಾಗಿ ಕೊಂಡುಕೊಂಡ ಒಂದೇ ವಸ್ತು. ಅಣ್ಣನಿಗೆ ಇದು ಅಪ್ಪನನ್ನು ಯಾರೋ ಅಂಗಡಿಯವನು ಮೋಸ ಮಾಡಿದ ಕಥೆ. ಹಣದ ಜಗಳವಾಗಿದ್ದರೆ ನಾನು ಕೈಹಾಕುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು: ಆಟಿ ತಿಂಗಳ ಮಳೆಗೆ ವಾಚಿನ ಒಳಗೆ ಹಬೆ ಕಟ್ಟಿತ್ತು. ಜಗಳ ಮುಗಿಯಲಿ ಬಿಡಲಿ, ಅದನ್ನು ಬಿಚ್ಚಲೇಬೇಕಿತ್ತು. ನಾನು ಕಂಪನಿಯ ಅಧಿಕೃತ ಸರ್ವೀಸಿನವನಲ್ಲ ಎಂದು ಮೊದಲೇ ಹೇಳಿ, ಇಬ್ಬರ ಸಹಿ ಹಾಕಿಸಿಕೊಂಡೆ. ಬೆಲೆ ಕಟ್ಟುವುದಿಲ್ಲ, ಕಂಡದ್ದನ್ನು ಬರೆದುಕೊಡುತ್ತೇನೆ ಎಂಬ ಕರಾರು.

ಕಿರೀಟ ಬಂದದ್ದು ಯಾವಾಗ

ತಮ್ಮನ ವಾದ ಕಿರೀಟದ ಮೇಲೆ ನಿಂತಿತ್ತು. ಅವರು ವಿಡಿಯೊ ನೋಡಿ ಬಂದಿದ್ದರು. ಅದರಲ್ಲಿದ್ದದ್ದು ಸುಳ್ಳೂ ಅಲ್ಲ. ರೋಲೆಕ್ಸ್ ತನ್ನ ಗಾಜಿನಲ್ಲಿ ಆರು ಗಂಟೆಯ ಜಾಗದಲ್ಲಿ ಲೇಸರ್‌ನಿಂದ ತನ್ನ ಲಾಂಛನವಾದ ಪುಟ್ಟ ಕಿರೀಟ ಮೂಡಿಸುತ್ತದೆ, ನಕಲಿಯವರಿಗೆ ತೊಡಕಾಗಲಿ ಎಂದು. ಬರಿಗಣ್ಣಿಗೆ ಅದು ಸಿಗುವುದು ಅಪರೂಪ. ಬೆಳಕು ಒಂದು ನಿರ್ದಿಷ್ಟ ಓರೆಯಲ್ಲಿ ಬಿದ್ದರೆ ಮಾತ್ರ ಕಾಣುತ್ತದೆ. ವಾಚನ್ನು ತುಸು ಅಲುಗಿಸಿದರೆ ಮಾಯ. ಗೆರೆ ಎಳೆದು ಬರೆದ ಚಿತ್ರವಲ್ಲ ಅದು, ಗಾಜಿನ ಒಡಲೊಳಗೆ ಚುಕ್ಕಿ ಚುಕ್ಕಿಯಾಗಿ ಇಟ್ಟ ರಂಗೋಲಿ. ಸರ್ವೀಸಿನಲ್ಲಿ ಹೊಸದಾಗಿ ಹಾಕುವ ಗಾಜಾದರೆ ಕಿರೀಟದ ಬುಡದಲ್ಲಿ ಸಾಮಾನ್ಯವಾಗಿ ಒಂದು 'ಎಸ್' ಅಕ್ಷರವೂ ಇರುತ್ತದೆ.

ತೊಡಕಿದ್ದದ್ದು ಇಸವಿಯಲ್ಲಿ. ಈ ಗುರುತು ಕಾಣಿಸಿಕೊಂಡದ್ದು 2001-02ರ ಸುಮಾರಿಗೆ. ಮುಂದಿನ ಒಂದೆರಡು ವರ್ಷಗಳಲ್ಲಿ ಅದು ಹೆಚ್ಚಿನ ಮಾದರಿಗಳಿಗೆ ಹರಡಿತು. 2007ರಲ್ಲಿ ಬಂದ ಹಸಿರು ಗಾಜಿನ ಮಿಲ್ಗಾಸ್‌ಗೆ ಮಾತ್ರ ಅದನ್ನು ಹಾಕಲೇ ಇಲ್ಲ. 1991ರಲ್ಲಿ ಕೊಂಡ ವಾಚಿನಲ್ಲಿ ಹುಟ್ಟಿನಿಂದ ಈ ಕಿರೀಟ ಇರುವುದು ಸಾಧ್ಯವಿಲ್ಲ. ಇದ್ದರೆ ಮೂರು ಉತ್ತರಗಳು: ವಾಚು 1991ರದ್ದಲ್ಲ, ಅಥವಾ ಕಂಪನಿಯೇ ಆಮೇಲೆ ಗಾಜು ಬದಲಿಸಿದೆ, ಅಥವಾ ಬೇರೆ ಯಾರೋ ಬದಲಿಸಿದ್ದಾರೆ. ಅಸಲಿಗೆ ಪುರಾವೆ ಎಂದು ತಮ್ಮ ಎದೆಗವಚಿಕೊಂಡು ತಂದದ್ದೇ ನನಗೆ ಮೊದಲ ಸಂಶಯ ಹುಟ್ಟಿಸಿತು. ಇದನ್ನು ಹೇಳಿದಾಗ ಅಣ್ಣನ ಮುಖದಲ್ಲಿ ಗೆಲುವು ಮೂಡಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅಣ್ಣನ ಬಳಿ ಇನ್ನೊಂದು ಬಾಣವಿತ್ತು. ಗಾಜಿನ ಒಳಗಡೆ ಡಯಲಿನ ಸುತ್ತ ಇರುವ ಉಕ್ಕಿನ ಬಳೆಯಲ್ಲಿ ಕಂಪನಿಯ ಹೆಸರು ಸಾಲಾಗಿ ಕೊರೆದಿರಬೇಕು, ಇದರಲ್ಲಿ ಇಲ್ಲ ಎಂದರು. ಆ ಕೊರೆತ ಶುರುವಾದದ್ದು 2000ದ ದಶಕದ ನಡುಭಾಗದಲ್ಲಿ. 1991ರ ವಾಚಿನಲ್ಲಿ ಅದು ಇಲ್ಲದಿರುವುದೇ ಸರಿ. ಒಬ್ಬರು ಇರಬಾರದ್ದು ಇದೆಯೆಂದು ಹಿಗ್ಗಿದ್ದರು, ಇನ್ನೊಬ್ಬರು ಇರಬೇಕಾಗಿಲ್ಲದ್ದು ಇಲ್ಲವೆಂದು ದೂರುತ್ತಿದ್ದರು. ಇಬ್ಬರೂ ಹೊಸ ವಾಚಿನ ಪಟ್ಟಿಯನ್ನು ಹಳೆಯ ವಾಚಿಗೆ ಹಿಡಿದಿದ್ದರು.

ಗಾಜನ್ನು ಬದಿಗಿಟ್ಟು

ಹಾಗಾಗಿ ಗಾಜನ್ನು ಮರೆತು ಉಳಿದದ್ದನ್ನು ನೋಡಿದೆ. ಈ ಭಾಗ ಬೇಗ ಮುಗಿಯಿತು, ಏಕೆಂದರೆ ವಾಚು ಒಳಗಿನಿಂದ ಸ್ವಚ್ಛವಾಗಿ ಮಾತಾಡಿತು. ಚೈನು ಕೂರುವ ಕಿವಿಗಳ ನಡುವೆ, ಅದನ್ನು ಕಳಚಿದರೆ ಮಾತ್ರ ಕಾಣುವ ಜಾಗದಲ್ಲಿ, ಒಂದು ಕಡೆ ಮಾದರಿ ಸಂಖ್ಯೆ 16234, ಇನ್ನೊಂದು ಕಡೆ 'ಇ' ಅಕ್ಷರದಿಂದ ಶುರುವಾಗುವ ಕ್ರಮಸಂಖ್ಯೆ. 16234 ಎಂದರೆ 1988ರಲ್ಲಿ ಬಂದ, ಉಕ್ಕಿನ ಮೈಗೆ, ಗಾಜಿನ ಸುತ್ತ, ಬಿಳಿ ಚಿನ್ನದ ಏಣುಬಳೆ ಕೂರಿಸಿದ 36 ಮಿಲಿಮೀಟರಿನ ಡೇಟ್‌ಜಸ್ಟ್. 'ಇ' ಸರಣಿಯನ್ನು ಸಂಗ್ರಾಹಕರು 1990-91ಕ್ಕೆ ಹಾಕುತ್ತಾರೆ. ಅಂಕಿಗಳ ಅಂಚು ವಜ್ರದ ಮೊನೆಯಿಂದ ಕೊರೆದಂತೆ ಮಿನುಗುತ್ತಿತ್ತು. ಆಮ್ಲದಿಂದ ಸುಟ್ಟ ಮಂಕು ಇರಲಿಲ್ಲ.

ಡಯಲಿನ ಬುಡದಲ್ಲಿ 'ಸ್ವಿಸ್' ಪದದ ಎರಡೂ ಬದಿಗೆ ಒಂದೊಂದು 'ಟಿ'. ಟ್ರಿಟಿಯಂ ಎಂಬುದಕ್ಕೆ ಆ ಅಕ್ಷರ. ಕತ್ತಲೆಯಲ್ಲಿ ಹೊಳೆಯಲೆಂದು 1998ರ ಸುಮಾರಿನವರೆಗೆ ಹಾಕುತ್ತಿದ್ದ ವಿಕಿರಣದ ಬಣ್ಣ. ಅದರ ಅರ್ಧಾಯುಷ್ಯ ಹನ್ನೆರಡು ವರ್ಷ ಚಿಲ್ಲರೆ. ಹಾಗಾಗಿ ಅಂಗಡಿಯ ದೀಪ ಆರಿಸಿ ನೋಡಿದರೆ ಹೊಳಪು ಹೆಚ್ಚು ಕಡಿಮೆ ಇಲ್ಲವೇ ಇಲ್ಲ, ಚುಕ್ಕಿಗಳು ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದವು. ನಕಲು ಮಾಡುವವನು ಇಷ್ಟು ಸಹನೆಯಿಂದ ಮುದುಕಾಗುವುದಿಲ್ಲ.

ಬೆನ್ನಿನ ಮುಚ್ಚಳ ತೆಗೆದಾಗ ಈ ಮಾದರಿಗೆ ಇರಬೇಕಾದ 3135 ಮೆಶೀನೇ. 31 ಕಲ್ಲು, ಗಂಟೆಗೆ 28,800 ಬಡಿತ, ಬ್ಯಾಲೆನ್ಸ್ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಪೂರ್ತಿ ಸೇತುವೆ. ಎಣ್ಣೆ ಒಣಗಿತ್ತು, ತಾರೀಕಿನ ತಟ್ಟೆಯ ಅಂಚಿನಲ್ಲಿ ತುಕ್ಕಿನ ಚುಕ್ಕಿಯೊಂದು ಏಳತೊಡಗಿತ್ತು. ಅಷ್ಟು ಬಿಟ್ಟರೆ ನನ್ನ ಕೈಗೆ ಬಂದ ಅತ್ಯಂತ ನಿಷ್ಕಪಟ ಮೆಶೀನುಗಳಲ್ಲಿ ಇದೂ ಒಂದು.

ವಾಚು ಅಸಲಿ. ಇದನ್ನು ಮೊದಲೇ ಹೇಳಿ ಮುಗಿಸಬಹುದಿತ್ತು. ಆದರೆ ಅಣ್ಣ ಏಳಲಿಲ್ಲ. "ಹಾಗಾದರೆ ಈ ಗೀರು?" ಎಂದರು. ನ್ಯಾಯವಾದ ಪ್ರಶ್ನೆ. ಗೀರು ಬಿದ್ದ ನೀಲಮಣಿ ಎಂದರೆ ನೀರಿಳಿಯದ ಕೆಸುವಿನೆಲೆ ನೆನೆದಂತೆ.

ಕಲ್ಲು ಮತ್ತು ಅದರ ಮೇಲಿನ ಪೊರೆ

ಸಫೈರ್, ಅಂದರೆ ನೀಲಮಣಿಯ, ಗಾಜು ಎಂದರೆ ಗಾಜೇ ಅಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಹರಳು, ಕೈಯಿಂದ ಬೆಳೆಸಿದ ಕುರುಂದ. ಬೆಳೆಸುವ ವಿಧಾನವನ್ನು 1902ರಲ್ಲಿ ಫ್ರಾನ್ಸಿನ ವೆರ್ನೂಯಿ ಪ್ರಕಟಿಸಿದರು. ಇಂಗ್ಲಿಷಿನ 'ಕೊರಂಡಮ್' ಎಂಬ ಹೆಸರು ತಮಿಳಿನ ಕುರುಂದದಿಂದ ಹೋದದ್ದು. ನಮ್ಮ ಸಾಣೆಕಲ್ಲಿನಲ್ಲಿ ಕತ್ತಿ ಮಸೆಯುವ ಪುಡಿಯೂ ಅದೇ ಜಾತಿ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಕುರುಂದ 9, ಮರಳಿನ ಸ್ಫಟಿಕ 7, ಕಿಟಕಿ ಗಾಜು ಐದೂವರೆಯ ಆಸುಪಾಸು. ಹಳೆಯ ಎಚ್‌ಎಂಟಿಯ ಅಕ್ರಿಲಿಕ್ ಗಾಜು ಇವೆಲ್ಲಕ್ಕಿಂತ ಮೆದು. ಅದರ ಗೀರನ್ನು ಹಲ್ಲುಪುಡಿ ಹಾಕಿ ತಿಕ್ಕಿದರೆ ಹೋಗುತ್ತಿತ್ತು, ನಾನು ಕಸುಬು ಕಲಿತದ್ದೇ ಹಾಗೆ. ಮುರಕಲ್ಲಿನ ಗೋಡೆಗೆ ಕೈ ಉಜ್ಜಿದರೆ ಅದರಲ್ಲಿರುವ ಮರಳಿನ ಕಣ ಕಿಟಕಿ ಗಾಜಿಗೆ ಗೀರು ಹಾಕುತ್ತದೆ, ಕುರುಂದಕ್ಕೆ ಹಾಕಲಾರದು. ತೋಟದಲ್ಲಿ ಇಪ್ಪತ್ತು ವರ್ಷ ಈ ವಾಚು ಕಟ್ಟಿ ಓಡಾಡಿದವರು ಇವರ ತಂದೆ. ಬಾವಿಕಟ್ಟೆ, ಮುರಕಲ್ಲಿನ ಮೆಟ್ಟಿಲು, ಅಂಗಳದ ಅಡಿಕೆ.

ಮೊದಲು ಇದು ಕುರುಂದವೇ ಅಲ್ಲವೇ ಎಂದು ತಿಳಿಯಬೇಕಿತ್ತು. ಗಾಜಿಗೆ ಉಸಿರು ಊದಿ ಮಬ್ಬು ಎಷ್ಟು ಬೇಗ ಆರುತ್ತದೆ ಎಂದು ನೋಡುವ ಪದ್ಧತಿಯಿದೆ. ಕುರುಂದ ಶಾಖವನ್ನು ಬೇಗ ಒಯ್ಯುವುದರಿಂದ ಬೇಗ ತಿಳಿಯಾಗುತ್ತದೆ. ಆಟಿಯಲ್ಲಿ ಕಾಸರಗೋಡಿನ ಗಾಳಿಯೇ ಒದ್ದೆ ಬಟ್ಟೆ, ಆ ಪರೀಕ್ಷೆ ನಂಬುವಂತಿಲ್ಲ. ನೀರಿನ ಹನಿ ಇಟ್ಟು ನೋಡುವುದೂ ಉಂಟು, ಅದು ಗಾಜಿನ ಜಾತಿಗಿಂತ ಅದರ ಮೇಲಿನ ಎಣ್ಣೆಜಿಡ್ಡಿನ ಸುದ್ದಿಯನ್ನೇ ಹೆಚ್ಚು ಹೇಳುತ್ತದೆ. ಪಕ್ಕದ ಆಭರಣದಂಗಡಿಯಿಂದ ವಜ್ರ ಪರೀಕ್ಷಿಸುವ ಪೆನ್ನನ್ನು ಎರವಲು ತಂದೆ. ಅದರ ಬಿಸಿ ಮೊನೆ ತಾಗಿದ ವಸ್ತು ಎಷ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ ಎಂಬುದರ ಮೇಲೆ ದೀಪ ಹತ್ತುತ್ತದೆ. ಮೇಜಿನ ಗಾಜಿಗೆ ಮುಟ್ಟಿಸಿದರೆ ಒಂದೂ ಹತ್ತಲಿಲ್ಲ. ವಾಚಿನ ಗಾಜಿಗೆ ಮುಟ್ಟಿಸಿದಾಗ ಮೂರು ಹತ್ತಿದವು. ವಜ್ರದಷ್ಟು ಅಲ್ಲ, ಆದರೆ ಸಾಮಾನ್ಯ ಗಾಜಂತೂ ಅಲ್ಲವೇ ಅಲ್ಲ.

ಕುರುಂದವೇ. ಮತ್ತೆ ಗೀರು ಹೇಗೆ?

ಅದಕ್ಕೆ ಉತ್ತರ ಕೊಟ್ಟದ್ದು ಅಂಗಡಿಯ ಟ್ಯೂಬ್‌ಲೈಟು. ಏಣುಬಳೆಯನ್ನು ಪ್ಲಾಸ್ಟಿಕ್ ಅಲಗಿನಿಂದ ನಾಲ್ಕೂ ಕಡೆ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಿ, ಗಾಜನ್ನು ಬಿಡಿಸಿ ಬೆರಳ ತುದಿಯಲ್ಲಿ ಹಿಡಿದು ದೀಪದ ಪ್ರತಿಬಿಂಬ ನೋಡಿದೆ. ಪಕ್ಕದಲ್ಲಿ ನನ್ನ ಡಬ್ಬಿಯಲ್ಲಿದ್ದ ಲೇಪವಿಲ್ಲದ ಒಂದು ಸಫೈರ್. ಅದರಲ್ಲಿ ಟ್ಯೂಬ್‌ಲೈಟು ಬೆಳ್ಳಗೆ, ಜೋರಾಗಿ ಕಂಡಿತು. ಇದರಲ್ಲಿ ನೇರಳೆಗಪ್ಪಾಗಿ, ಮಂಕಾಗಿ ಕಂಡಿತು. ಒಳಮೈಯಿಂದ ಬಂದ ಬಿಂಬವೂ ನೇರಳೆ, ಹೊರಮೈಯಿಂದ ಬಂದದ್ದೂ ನೇರಳೆ.

ಕುರುಂದಕ್ಕೆ ಬೆಳಕಿನ ವಿಷಯದಲ್ಲಿ ಒಂದು ದುರಭ್ಯಾಸವಿದೆ. ಅದರ ವಕ್ರೀಭವನಾಂಕ 1.77. ಹಾಗಾಗಿ ಒಂದೊಂದು ಮೈಯಿಂದಲೂ ಬಿದ್ದ ಬೆಳಕಿನ ಶೇಕಡಾ 7.7ರಷ್ಟು ಹಿಂದಕ್ಕೆ ಪುಟಿಯುತ್ತದೆ. ಸಾಮಾನ್ಯ ಗಾಜಿನಲ್ಲಿ ಇದು ಶೇಕಡಾ 4. ಎರಡೂ ಮೈ ಸೇರಿದರೆ ಹದಿನೈದರ ಹತ್ತಿರ. ಬಿಸಿಲಿನಲ್ಲಿ ಗಂಟೆ ನೋಡಲು ಹೋದರೆ ನಮ್ಮ ಮುಖವೇ ಕಾಣುವುದು ಅದಕ್ಕೆ. ಇದನ್ನು ತಗ್ಗಿಸಲು ಮೇಲೊಂದು ಪೊರೆ ಕೂರಿಸುತ್ತಾರೆ. ಸಾಮಾನ್ಯವಾಗಿ ಬಳಸುವುದು ಮೆಗ್ನೀಸಿಯಂ ಫ್ಲೋರೈಡ್, ದಪ್ಪ ಸುಮಾರು 100 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲು. ಹಸಿರು ಬೆಳಕಿನ ಅಲೆಯ ಕಾಲು ಭಾಗಕ್ಕೆ ಸರಿಹೊಂದುವ ಅಳತೆ ಅದು. ಪೊರೆಯ ಮೇಲ್ಮೈಯಿಂದ ಪುಟಿದ ಅಲೆಯೂ ಬುಡದಿಂದ ಪುಟಿದ ಅಲೆಯೂ ಒಂದಕ್ಕೊಂದು ಎದುರು ಬಿದ್ದು ಅಡಗುತ್ತವೆ. ಹಸಿರು ಚೆನ್ನಾಗಿ ಅಡಗುತ್ತದೆ, ಕೆಂಪು ನೀಲಿಗಳು ಪೂರ್ತಿ ಅಡಗುವುದಿಲ್ಲ. ಆ ಉಳಿಕೆಯೇ ಕಣ್ಣಿಗೆ ನೇರಳೆಯಾಗಿ ಕಾಣುತ್ತದೆ.

ಪೊರೆಯ ಗಡಸುತನ ಕುರುಂದದ್ದಲ್ಲ, ಮರಳಿಗೂ ಕಡಿಮೆ. ಅದಕ್ಕೇ ಅನೇಕ ಕಂಪನಿಗಳು ಅದನ್ನು ಒಳಮೈಗೆ ಮಾತ್ರ ಹಾಕುತ್ತವೆ. ಎರಡೂ ಮೈಗೆ ಹಾಕುವವರೂ ಇದ್ದಾರೆ, ಒಮೆಗಾ, ಬ್ರೈಟ್ಲಿಂಗ್ ಅಂಥವು. ಆ ವಾಚುಗಳು ಗಾಜೇ ಇಲ್ಲವೇನೋ ಎಂಬಷ್ಟು ತಿಳಿಯಾಗಿರುತ್ತವೆ, ಕೆಲ ವರ್ಷ ಕಟ್ಟಿದ ಮೇಲೆ ಹೊರಪೊರೆಯಲ್ಲಿ ಗೆರೆಗಳು ಕೂರುತ್ತವೆ. 1990ರ ಡೇಟ್‌ಜಸ್ಟಿಗೆ ಹೊರಮೈಯಲ್ಲಿ ಪೊರೆಯೇ ಇರಲಿಲ್ಲ. ರೋಲೆಕ್ಸ್ ತಾರೀಕಿನ ಭೂತಗನ್ನಡಿಯ ಅಡಿಗೆ ಪೊರೆ ಹಾಕತೊಡಗಿದ್ದೂ 2000ದ ದಶಕದ ನಡುಭಾಗದಲ್ಲಿ.

ಅಣ್ಣನಿಗೆ ಮಾತಿನಲ್ಲಿ ಹೇಳಿದರೆ ನಂಬುವ ಆಸಾಮಿಯಲ್ಲ. ಏಣುಬಳೆಯ ಅಡಿಯಲ್ಲಿ ಮುಚ್ಚಿಹೋಗುವ ಅಂಚಿನ ಪಕ್ಕ, ಗೀರೊಂದರ ಬಾಲ ಬಂದು ಮುಗಿಯುವ ಕಡೆ, ಸಾಸಿವೆ ಕಾಳಿನಷ್ಟು ಜಾಗವನ್ನು ಅವರ ಒಪ್ಪಿಗೆ ಕೇಳಿ ವಜ್ರದ ಪೇಸ್ಟಿನಿಂದ ಉಜ್ಜಿದೆ. ಮರದ ಕಡ್ಡಿಯ ತುದಿ, ಒಂದು ಮೈಕ್ರಾನಿನ ಪೇಸ್ಟು, ಹತ್ತು ನಿಮಿಷ. ಒರೆಸಿ ದೀಪಕ್ಕೆ ಹಿಡಿದಾಗ ಆ ಸಾಸಿವೆಯಷ್ಟು ಜಾಗದಲ್ಲಿ ನೇರಳೆ ಹೋಗಿ ಬಿಳಿ ಬೆಳಕು ಕುಳಿತಿತ್ತು. ಗೀರಿನ ಬಾಲವೂ ಹೋಗಿತ್ತು. ಗೀರು ಕಲ್ಲಿನದ್ದಾಗಿದ್ದರೆ ಹತ್ತು ನಿಮಿಷಕ್ಕೆ ಅಳಿಯುತ್ತಿರಲಿಲ್ಲ. ಅಣ್ಣ ಐಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. "ಗೀರು ಬಣ್ಣಕ್ಕೆ ಬಿದ್ದದ್ದು, ಗೋಡೆಗಲ್ಲ," ಎಂದರು.

ಕಿರೀಟದ ಆಳ

ಈಗ ತಮ್ಮನ ಸರದಿ. ಕಿರೀಟ ಕಂಪನಿಯ ಸರ್ವೀಸಿನಲ್ಲಿ ಬಂದದ್ದೂ ಆಗಿರಬಹುದಲ್ಲ? ಹೊರಪೊರೆ ಕಂಡಾಗಲೇ ನನಗೆ ಉತ್ತರ ಗೊತ್ತಾಗಿತ್ತು, ಆದರೂ ಅವರ ಕಣ್ಣಿಗೇ ಕಾಣಲಿ ಎಂದು ಆಭರಣದಂಗಡಿಯ ರತ್ನ ನೋಡುವ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ.

ಮಾಡಬೇಕಾದದ್ದು ಸುಲಭ. ಗಾಜಿನ ಹೊರಮೈಯಲ್ಲಿ ಕಿರೀಟದ ಹತ್ತಿರ ಒಂದು ಧೂಳಿನ ಕಣ ಹುಡುಕಿ ಅದನ್ನು ಸ್ಪಷ್ಟವಾಗಿಸಿಕೊಳ್ಳುವುದು. ಆಮೇಲೆ ತಿರುಪನ್ನು ನಿಧಾನವಾಗಿ ತಿರುಗಿಸುತ್ತ ಆಳಕ್ಕೆ ಇಳಿಯುವುದು. ಅಸಲಿ ಕಿರೀಟವಾದರೆ ಧೂಳು ಮಸುಕಾಗಿ, ಇನ್ನಷ್ಟು ಇಳಿದ ಮೇಲೆ, ಒಡಲಿನ ನಡುವೆಲ್ಲೋ ಚುಕ್ಕಿಗಳು ನಕ್ಷತ್ರದಂತೆ ಒಂದೊಂದಾಗಿ ಮೂಡಬೇಕು. ಹೋಲಿಕೆಗೆ ಅಂಥದ್ದೊಂದು ನನ್ನಲ್ಲಿತ್ತು: ಅಂಚು ಒಡೆದದ್ದೆಂದು ಗ್ರಾಹಕರೊಬ್ಬರು ಸರ್ವೀಸಿನಿಂದ ವಾಪಸು ಪಡೆದು ನನ್ನ ಬಳಿ ಬಿಟ್ಟುಹೋದ ಗಾಜು. ಅದರಲ್ಲಿ ತಮ್ಮ ಚುಕ್ಕಿಗಳನ್ನು ನೋಡಿದರು. ನಂತರ ತಂದೆಯ ವಾಚಿನದ್ದನ್ನು ಇಟ್ಟೆ. ಹೊರಮೈಯ ಧೂಳಿನಿಂದ ಇಳಿಯುತ್ತ ಹೋದರು, ಒಡಲಿನಲ್ಲಿ ಏನೂ ಸಿಗಲಿಲ್ಲ. ತೀರಾ ತಳ ಮುಟ್ಟಿ ಒಳಮೈಯ ಧೂಳು ಸ್ಪಷ್ಟವಾದ ಕ್ಷಣವೇ ಕಿರೀಟವೂ ಸ್ಪಷ್ಟವಾಯಿತು. ಚುಕ್ಕಿಗಳಿರಲಿಲ್ಲ, ತುಂಡಾಗದ ಗೆರೆ. ಐದು ಕೊಂಬುಗಳಲ್ಲಿ ಒಂದು ಉಳಿದವುಗಳಿಗಿಂತ ಗಿಡ್ಡ. ಬುಡದಲ್ಲಿ 'ಎಸ್' ಇಲ್ಲ. ವೈಟ್‌ಬೋರ್ಡ್ ಪೆನ್ನಿನ ಶಾಯಿಯನ್ನು ಒಳಮೈಗೆ ಬಳಿದು ಒರೆಸಿದೆ. ಗೆರೆಗಳ ತಗ್ಗಿನಲ್ಲಿ ಶಾಯಿ ನಿಂತು, ಟಾರ್ಚೇ ಇಲ್ಲದೆ, ಕಪ್ಪು ಕಿರೀಟವೊಂದು ಎದ್ದು ಕಂಡಿತು.

ಯಾವುದೋ ಪೇಟೆಯ ಬಿಡಿಭಾಗದ ವ್ಯಾಪಾರಿಯಿಂದ ಬಂದ ಗಾಜು. ಕುರುಂದ ಒಳ್ಳೆಯದೇ, ಪೊರೆ ಸಾಧಾರಣ, ಕಿರೀಟ ಸುಳ್ಳು. ಬೇರೆಯವರನ್ನು ಬೈಯುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ: 2008ರ ಆಸುಪಾಸಿನಲ್ಲಿ ಇಂಥ ಎರಡು ಗಾಜುಗಳನ್ನು ನಾನೂ ಹಾಕಿಕೊಟ್ಟಿದ್ದೇನೆ. ಗ್ರಾಹಕರೇ "ಕಿರೀಟ ಇರುವುದು ಹಾಕಿ" ಎಂದಿದ್ದರು, ಅದೊಂದು ಅಲಂಕಾರವೆಂದೇ ನನಗೆ ತೋರಿತ್ತು. ಕಿರೀಟವಿಲ್ಲದ ಸಾದಾ ಗಾಜು ಹಾಕಿದ್ದರೆ ಅದು ಪ್ರಾಮಾಣಿಕ ಬದಲಿ ಭಾಗ. ಕಿರೀಟ ಕೊರೆದ ಕೂಡಲೇ ಅದು ಸುಳ್ಳು ಸಹಿ. ಸಹಿ ನಕಲು ಮಾಡಿದ ಕಾಗದದ ಗುಣಮಟ್ಟ ಎಷ್ಟು ಒಳ್ಳೆಯದಾದರೇನು.

ತಮ್ಮ ಕುಗ್ಗಿಹೋದರು. "ಹಾಗಾದರೆ ಅಪ್ಪನ ವಾಚು ಅಸಲಿಯೋ ನಕಲಿಯೋ, ಒಂದು ಮಾತಿನಲ್ಲಿ ಹೇಳಿ ಅಣ್ಣ," ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರ ಅಣ್ಣ ಉತ್ತರಿಸಿದರು, ಅದೂ ಅವರದೇ ಮನೆಯ ಮಾಡಿನಿಂದ ಎತ್ತಿದ ಮಾತು. ಅವರ ತರವಾಡು ಮನೆಗೆ ಬಾಸೆಲ್ ಮಿಷನ್ನಿನ ಹಂಚು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಕಾರ್ಖಾನೆಯದು, ಅಡಿಮೈಯಲ್ಲಿ ಇಸವಿಯ ಮುದ್ರೆ. ತೆಂಗಿನಕಾಯಿ ಬಿದ್ದು ಒಡೆದಾಗಲೆಲ್ಲ ಸಿಕ್ಕ ಕಡೆಯಿಂದ ಹೊಸ ಹಂಚು ತಂದು ಸಿಕ್ಕಿಸಿದ್ದಾರೆ. "ಮೊನ್ನೆ ಹಾಕಿದ ಹಂಚಿನ ಮುದ್ರೆ ನೋಡಿ ಮನೆ ಮೊನ್ನೆಯದು ಎನ್ನುತ್ತೀಯಾ ನೀನು?" ಎಂದು ತಮ್ಮನನ್ನು ಕೇಳಿದರು. ಬೆಳಿಗ್ಗೆಯಿಂದ ವಾಚು ನಕಲಿ ಎಂದು ಸಾಧಿಸುತ್ತಿದ್ದವರು ಇವರೇ. ನಾನು ಸುಮ್ಮನಿದ್ದೆ. ಗಾಜಿನ ಗುರುತು ಗಾಜಿನ ಜಾತಕ ಹೇಳುತ್ತದೆ, ವಾಚಿನದ್ದನ್ನಲ್ಲ ಎಂದು ನಾನು ವರದಿಯಲ್ಲಿ ಬರೆದ ವಾಕ್ಯಕ್ಕಿಂತ ಅದು ಚೆನ್ನಾಗಿತ್ತು.

ಇಪ್ಪತ್ತೇಳು

ಹಬೆಯ ಕಾರಣವೂ ಗಾಜಿನಲ್ಲೇ ಸಿಕ್ಕಿತು. ಕಂಪನಿಯದ್ದಲ್ಲದ ಈ ಹೊರಗಿನ ಗಾಜಿನ ಅಂಚು ಅಳತೆಯಲ್ಲಿ ಕೂದಲಷ್ಟು ಕಡಿಮೆ. ನೈಲಾನ್ ಗ್ಯಾಸ್ಕೆಟ್ ಒಂದು ಕಡೆ ಸರಿಯಾಗಿ ಕಚ್ಚಿರಲಿಲ್ಲ. ಒಂದೆರಡು ಮಳೆಗಾಲ ತಡೆದಿರಬಹುದು, ಆಮೇಲೆ ಸೋಲತೊಡಗಿತು. ತಾರೀಕಿನ ತಟ್ಟೆಯ ತುಕ್ಕು ಅಲ್ಲಿಂದ ಬಂದದ್ದು.

ತಾರೀಕಿನ ವಿಷಯಕ್ಕೆ ಬಂದಾಗ ಕೊನೆಯದೊಂದು ಪರೀಕ್ಷೆ ಮಾಡಿದೆ, ವರದಿ ಪೂರ್ತಿಯಾಗಲಿ ಎಂದಷ್ಟೇ. ಮೂರು ಗಂಟೆಯ ಕಡೆ ಗಾಜಿನ ಮೇಲೆ ಅಂಟಿಸಿರುವ ಪುಟ್ಟ ಭೂತಗನ್ನಡಿಯನ್ನು ಸೈಕ್ಲಾಪ್ಸ್ ಎನ್ನುತ್ತಾರೆ. ಡೇಟ್‌ಜಸ್ಟಿಗೆ ಅದು 1950ರ ದಶಕದಲ್ಲೇ ಬಂದದ್ದು. ಕಂಪನಿಯ ಲೆಕ್ಕದಲ್ಲಿ ಅದು ತಾರೀಕನ್ನು ಎರಡೂವರೆ ಪಟ್ಟು ಹಿಗ್ಗಿಸುತ್ತದೆ, ಅಂಕಿ ಕಿಟಕಿಯನ್ನೆಲ್ಲ ತುಂಬಿ ನಿಲ್ಲುತ್ತದೆ. ಹೊರಗಿನ ಗಾಜುಗಳಲ್ಲಿ ಈ ಕನ್ನಡಿ ಸಾಮಾನ್ಯವಾಗಿ ಸೋಮಾರಿ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ, ದೂರ ಬದಲಿಸದೆ, ಗಾಜಿಲ್ಲದ ಡಯಲಿನದ್ದೊಂದು, ಗಾಜು ಇಟ್ಟು ಇನ್ನೊಂದು ಚಿತ್ರ ತೆಗೆದೆ. ಅಂದಿನ ತಾರೀಕು 27. ಪರದೆಯ ಮೇಲೆ ಅಳೆದಾಗ ಏಳರ ಎತ್ತರ ಮೊದಲ ಚಿತ್ರದಲ್ಲಿ 40 ಬಿಂದು, ಎರಡನೆಯದರಲ್ಲಿ 62. ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಎರಡೂವರೆಯಾಗಿದ್ದರೆ 100 ಇರಬೇಕಿತ್ತು.

ಮುಂದೇನು ಎಂಬ ಮಾತು ಬಂತು. ಅಧಿಕೃತ ಸರ್ವೀಸಿಗೆ ಕಳಿಸಿದರೆ ಹೊಸ ಗಾಜು ಬರುತ್ತದೆ, ಅದರಲ್ಲಿ ಅಸಲಿ ಕಿರೀಟವೇ ಇರುತ್ತದೆ, 1991ರ ವಾಚಿಗೆ ಅದೂ ವಯಸ್ಸಿಗೆ ಹೊಂದದ ಒಡವೆ. ಆದರೆ ಅದರ ಜಾತಕ ನೇರ. ಅದೇ ಕಾಲದ, ಕಿರೀಟವಿಲ್ಲದ ಹಳೆಯ ಅಸಲಿ ಗಾಜನ್ನು ಹುಡುಕಿಸುವುದು ಇನ್ನೊಂದು ದಾರಿ, ಸಿಕ್ಕರೆ ಅದೃಷ್ಟ. ನನ್ನ ಒಲವು ಮೊದಲನೆಯದಕ್ಕೆ, ಏಕೆಂದರೆ ಕಾಸರಗೋಡಿನ ಮಳೆಗೆ ಸಂಗ್ರಾಹಕರ ಅಭಿರುಚಿ ಗೊತ್ತಿಲ್ಲ. ತಮ್ಮ ಒಪ್ಪಿದರು. ಅಲ್ಲಿಯವರೆಗೆ ಮೆಶೀನು ತೊಳೆದು ಎಣ್ಣೆ ಹಾಕಿ, ಹಳೆಯ ಗಾಜನ್ನೇ ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸಿ, ನೀರಿಗೆ ತೋರಿಸಬೇಡಿ ಎಂದು ಚೀಟಿ ಬರೆದು ಕೊಟ್ಟೆ. ಬೆಲೆಯ ಲೆಕ್ಕವನ್ನು ಅವರೇ ಮಾಡಿಕೊಂಡರಂತೆ, ಅದು ನನಗೆ ಸಂಬಂಧಿಸಿದ್ದಲ್ಲ.

ಗಾಜು ಬದಲಾದದ್ದು ಯಾವಾಗ, ಎಲ್ಲಿ ಎಂಬುದು ಮಾತ್ರ ವರದಿಯಲ್ಲಿ ಖಾಲಿ ಉಳಿದಿತ್ತು. ತಮ್ಮ ಬೆಂಗಳೂರಿನಲ್ಲಿದ್ದರು, ಅಣ್ಣ ಆ ವರ್ಷಗಳಲ್ಲಿ ಮಂಗಳೂರಿನಲ್ಲಿ ಕೆಲಸಕ್ಕಿದ್ದವರು. ಇಬ್ಬರಿಗೂ ಗೊತ್ತಿರಲಿಲ್ಲ. ಆಟಿ ಮುಗಿದು ಸೋಣ ಹಿಡಿದ ವಾರ ಅಣ್ಣನಿಂದ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ತಂದೆಯ ಲೆಕ್ಕದ ಪುಸ್ತಕದ ಪುಟ. ದುಬೈಯಲ್ಲಿ ಬೇರೆಯವರ ಲೆಕ್ಕ ಬರೆದವರು ಮನೆಯದ್ದನ್ನು ಕನ್ನಡದಲ್ಲಿ, ಒಂದು ರೂಪಾಯಿಯೂ ಬಿಡದೆ ಬರೆದಿಟ್ಟಿದ್ದರು. 2010ರ ಜುಲೈ. ಬೋರ್ಡೋ ಸಿಂಪಡಣೆಗೆ ಮೈಲುತುತ್ತು, ಸುಣ್ಣ, ಆಳಿನ ಸಂಬಳ. ಅವುಗಳ ನಡುವೆ: "12. ವಾಚಿನ ಗಾಜು (ಬಾವಿಕಟ್ಟೆಗೆ ಬಡಿದದ್ದು), 1,800."

ಅಣ್ಣ ಮುಂದಿನ ಪುಟದ ಚಿತ್ರವನ್ನೂ ಕಳಿಸಿದ್ದರು. ಅದರಲ್ಲಿ ಎರಡು ಸಾಲುಗಳಿಗೆ ಕೆಂಪು ವೃತ್ತ ಹಾಕಿದ್ದರು.

"ಆಗಸ್ಟ್ 3. ಕಣ್ಣಿನ ಡಾಕ್ಟರು, ಬಸ್ಸು ಸೇರಿ, 240."

"ಆಗಸ್ಟ್ 9. ಹೊಸ ಕನ್ನಡಕ, 950. ತಾರೀಕು ಈಗಲೂ ಸಣ್ಣದಾಗಿಯೇ ಕಾಣುತ್ತದೆ."